ಈ ನಾಯಿ ಸಾಂಚೋದ್ದಾ, ಗಯಟೆಯದ್ದಾ?

ಓದುಗೂಳಿ: ಸ್ಪೇನ್‌ನ ಕಾದಂಬರಿಕಾರ ಸರ್ವಾಂಟಿಸ್ ಗಾದೆಗಳಿಗೆ ಸಾಟಿನೇ ಇಲ್ಲ ಗುರು. "ನಾಯಿ ಬೊಗಳ್ತಿವೆ ಸಾಂಚೋ, ಅಂದ್ರೆ ನಾವು ಸವಾರಿ ಹೊರಟಿದೀವಿ ಅಂತ." ಅವನ ಕಾದಂಬರಿಯ ನಾಯಕ ಡಾನ್ ಕಿಹೋಟೆ ತನ್ನ ಸೇವಕ ಸಾಂಚೋಗೆ ಹೇಳಿದ ಈ ಒಂದು ಮಾತು ಸಾಕು.

ಕಡತಹುಳ: ಆ ಮಾತು ಪುಸ್ತಕದಲ್ಲೇ ಇಲ್ಲ. 1605ರ ಮೊದಲ ಭಾಗದಲ್ಲೂ ಇಲ್ಲ, 1615ರ ಎರಡನೇದ್ರಲ್ಲೂ ಇಲ್ಲ. ಅಂಥದ್ದೇ ಸಾಲು ಇರೋದು ಜರ್ಮನ್ ಕವಿ ಗಯಟೆಯ 1808ರ ಪದ್ಯದಲ್ಲಿ. ಸಾಂಚೋದ್ದೇ ಬೇಕಿದ್ರೆ ಎರಡನೇ ಭಾಗದ 20ನೇ ಅಧ್ಯಾಯ ತೆಗೀರಿ, ಕಮಾಚೋ ಅನ್ನೋ ಸಾಹುಕಾರನ ಮದುವೆಯಲ್ಲಿ ಅಡುಗೆ ಘಮಕ್ಕೆ ಸೋತು, ಲೋಕದಲ್ಲಿರೋದು ಎರಡೇ ಕುಲ, ಇದ್ದೋರು ಇಲ್ಲದೋರು, ಅಂತ ನಮ್ಮಜ್ಜಿ ಹೇಳ್ತಿದ್ಲು ಅಂತಾನೆ.

ಓದುಗೂಳಿ: "ಅಜ್ಜಿ ಹೇಳ್ತಿದ್ಲು" ಅಂತ ನೀವೇ ಬರೆದ್ರಲ್ಲ! ಅಂದ್ಮೇಲೆ ಅದೂ ಸರ್ವಾಂಟಿಸ್‌ದಲ್ಲ. ಗಯಟೆಗೆ ಎಲ್ಲಿಂದ ಬಂತು ಹೇಳಿ, ಸ್ಪೇನ್‌ನಿಂದಾನೇ ಬಂದಿರಬೇಕು.

ಕಡತಹುಳ: "ಬಂದಿರಬೇಕು"! ಇದಾ ಸಾಕ್ಷಿ? ಅಧ್ಯಾಯ ನಂಬರ್ ಕೊಡಿ.

ಮೆಣಸಿನಕಾಯಿ: ಗಾದೆಗೆ ಓನರ್ ಯಾರ್ರೀ. ಮುದುಕಿಯರು ಒಲೆ ಮುಂದೆ ಕೂತು ಹೇಳೋ ಗಾದೆಗಳು ಅಂತ ಸಾಂಟಿಲ್ಯಾನ ಮಾರ್ಕ್ವಿಸ್ ಅನ್ನೋ ಕವಿ ಹೆಸರಲ್ಲಿ ಸ್ಪೇನ್‌ನ ಸೆವಿಲ್‌ನಲ್ಲಿ 1508ರಲ್ಲೇ ಸಂಗ್ರಹ ಅಚ್ಚಾಗಿತ್ತು. ಸರ್ವಾಂಟಿಸ್ ಮಾಡಿದ್ದು ಅವನ್ನ ಗೇಲಿ ಅಷ್ಟೇ. ಎರಡನೇ ಭಾಗದ 43ನೇ ಅಧ್ಯಾಯದಲ್ಲಿ, ಸಾಂಚೋ ದ್ವೀಪ ಆಳೋಕೆ ಹೊರಡೋ ಮುಂಚೆ, ನಿನ್ನನ್ನೂ ನಿನ್ನ ಗಾದೆಗಳನ್ನೂ ಅರವತ್ತು ಸಾವಿರ ಸೈತಾನರು ಹೊತ್ಕೊಂಡು ಹೋಗಲಿ ಅಂತ ಧಣಿ ಡಾನ್ ಕಿಹೋಟೆ ಶಾಪ ಹಾಕ್ತಾನೆ.

ತುಂಗಾತೀರ: "ಗೇಲಿ ಅಷ್ಟೇ" ಅಂತ ಹೇಗ್ರೀ ಹೇಳ್ತೀರಾ? ಮೊದಲ ಭಾಗದ 21ರಲ್ಲಿ ಅದೇ ಧಣಿ, ಸುಳ್ಳಾಗೋ ಗಾದೆನೇ ಇಲ್ಲ, ಎಲ್ಲಾ ಅನುಭವದಿಂದ ಹುಟ್ಟಿದ್ದು ಅಂತಾನೆ. ನಮ್ಮಲ್ಲಿ ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ ಅನ್ನೋ ಹಂಗೆ. ಬೈದಿದ್ದು ಗಾದೆಗಲ್ಲ, ಸಂದರ್ಭ ಇಲ್ದೆ ತುರುಕೋದಕ್ಕೆ.

ಮೆಣಸಿನಕಾಯಿ: ವೇದ ಯಾಕೆ ತಂದ್ರಿ ಮಧ್ಯೆ? ಇದಕ್ಕೇ ಅವನು ಬೈದಿದ್ದು.

ಓದುಗೂಳಿ: ನನ್ನ ಪೋಸ್ಟ್ ನಾಯಿ ಬಗ್ಗೆ, ಎಲ್ಲೆಲ್ಲೋ ಹೋಗ್ಬೇಡಿ. ಲಕ್ಷಾಂತರ ಜನ ಶೇರ್ ಮಾಡಿರೋದು ಸುಳ್ಳಾ? ಅಕ್ಷರ ಇಲ್ದಿದ್ರೂ ಆತ್ಮ ಇದೆ.

ಕಡತಹುಳ: ಶೇರ್ ಎಣಿಸಿ ಪುಸ್ತಕ ಓದೋದಾ? ನಿಮ್ಮ ಕೈಲಿರೋದು ಮಕ್ಕಳ ಸಂಕ್ಷಿಪ್ತ ಆವೃತ್ತಿ ಇರ್ಬೇಕು.

ಓದುಗೂಳಿ: ಪರ್ಸನಲ್ ಆಗ್ಬೇಡಿ ಸಾರ್, ನಾಲ್ಕು ಪುಸ್ತಕ ಓದಿ ಮೆರೆಯೋರು ತುಂಬಾ ಜನ ನೋಡಿದೀನಿ.

ತುಂಗಾತೀರ: ಸ್ಪೇನ್‌ನ ಲೇಖಕ ಗ್ರಾಸಿಯಾನ್ 1647ರಲ್ಲೇ ಹೇಳಿದ್ನಲ್ಲ, ಒಳ್ಳೇದು ಚಿಕ್ಕದಾಗಿದ್ರೆ ಎರಡು ಪಟ್ಟು ಒಳ್ಳೇದು ಅಂತ. ಇಬ್ರೂ ಸ್ವಲ್ಪ...

ಮೆಣಸಿನಕಾಯಿ: "ಚಿಕ್ಕದು" ಅನ್ನೋದಕ್ಕೆ ಇನ್ನೊಂದು ಕೊಟೇಶನ್ನಾ 😂

ಓದುಗೂಳಿ: ಆಯ್ತು ಬಿಡಿ, ನಾಯಿ ಪಕ್ಕಕ್ಕಿಡಿ. ಹಸಿವಿಗಿಂತ ಒಳ್ಳೇ ನಂಜಿಕೆ ಇಲ್ಲ, ಇದಂತೂ ಸಾಂಚೋದು ತಾನೇ?

ಕಡತಹುಳ: ಅದು ಅವನ ಹೆಂಡತಿ ತೆರೇಸಾ ಹೇಳಿದ್ದು. ಎರಡನೇ ಭಾಗ, 5ನೇ ಅಧ್ಯಾಯ.

ಓದುಗೂಳಿ: ಹೆಂಡ್ತಿ ಹೇಳಿದ್ರೇನು, ಗಂಡ ಹೇಳಿದ್ರೇನು, ಒಂದೇ ಮನೆ.

ಮೆಣಸಿನಕಾಯಿ: ಒಂದೇ ಮನೆನಾ?! ಅವಳ ಮಾತಿನ ಕ್ರೆಡಿಟ್ಟೂ ಅವನಿಗೇನಾ ಸ್ವಾಮಿ? ಆ ಅಧ್ಯಾಯ ಪೂರ್ತಿ ಅವಳು ಅವನ ಜೊತೆ ಜಗಳ ಆಡೋದೇ, ಓದಿದೀರಾ?