ಅಪ್‌ಡೇಟ್: ಮೂರು ಸಾಲಿಗೇ ನಿಲ್ಲುತ್ತಿದ್ದ ಮಕ್ಕಳು ಪರೀಕ್ಷೆ ಬರೆದು ಬಂದರು

ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ತೀರ್ಥಹಳ್ಳಿ ಕಡೆಯ ನಮ್ಮ ಶಾಲೆಯ ಏಳನೇ ಕ್ಲಾಸಿನವರು ಮೂರು ಸಾಲು ಬರೆದು ಪೆನ್ನು ಕೆಳಗಿಡುತ್ತಾರೆ, ಎಲ್ಲ ಶಾಲೆಗೂ ಒಂದೇ ಪ್ರಶ್ನೆಪತ್ರಿಕೆಯ ಬರವಣಿಗೆ ಪರೀಕ್ಷೆ ಬೇರೆ ಹತ್ತಿರ ಬಂತು ಅಂತ. ಪರೀಕ್ಷೆ ಮೊನ್ನೆ ಮುಗಿಯಿತು.

ಕೈಹಿಡಿದದ್ದು "ಮೊದಲು ಮಾತಾಡಿಸಿ, ಆಮೇಲೆ ಬರೆಸಿ" ಎಂದ ಮೇಷ್ಟ್ರ ಸಲಹೆ. ಪಕ್ಕದವನಿಗೆ ಐದು ನಿಮಿಷ ಹೇಳಬೇಕು, ಹೇಳಿದ್ದನ್ನೇ ಬರೆಯಬೇಕು. ವಿಷಯವೂ ಊರಿನದೇ. ಪರಿಸರ ಮಾಲಿನ್ಯ ಅಂದರೆ ತಲೆ ತಗ್ಗಿಸುತ್ತಿದ್ದ ಹುಡುಗ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋದನ್ನು ಒಂದೂವರೆ ಪುಟ ಬರೆದ: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಬೇರೆ ಬೇರೆ ಕರಗಿಸಿಯೇ ಸೇರಿಸಬೇಕು ಅಂತ. ಕ್ರಮ ತಪ್ಪಲಿಲ್ಲ. ಪೀಠಿಕೆ, ಉಪಸಂಹಾರ ಆಮೇಲೆ ಅಂಟಿಸಿದೆವು.

ಮಾದರಿ ಪ್ರಬಂಧ ಬಾಯಿಪಾಠ ಮಾತ್ರ ಕೈಕೊಟ್ಟಿತು. ನಡುವೆ ಒಂದು ವಾಕ್ಯ ಮರೆತರೆ ಮುಂದಿನದೆಲ್ಲ ಮಾಯ. ದಿನಾ ಗಡಿಯಾರ ಇಟ್ಟು ಬರೆಸಿದ್ದೂ ದಂಡ. ಕೊನೇ ವಾರ ಎರಡು ಸಲ ಸಾಕಾಯಿತು.

ನನಗೇ ಆಶ್ಚರ್ಯವಾದದ್ದು, ಹಳೇ ಉತ್ತರಪತ್ರಿಕೆ ತೆಗೆದು ನೋಡಿದಾಗ ಅಂಕ ಹೆಚ್ಚು ಹೋಗಿದ್ದು ಕಾಗುಣಿತಕ್ಕಲ್ಲ, ಪತ್ರಕ್ಕೆ! ಅರ್ಧ ಜನ 'ವಿಷಯ' ಸಾಲನ್ನೇ ಬಿಟ್ಟಿದ್ದರು. ಒಬ್ಬಳು ಪಂಚಾಯ್ತಿಗೆ ಬರೆದ ಮನವಿಯಲ್ಲಿ 'ಪ್ರೀತಿಯ ಅಮ್ಮನಿಗೆ' ಅಂದಿದ್ದಳು. ನಾನು ತಿಂಗಳುಗಟ್ಟಲೆ ಲ-ಳ, ಅಲ್ಪಪ್ರಾಣ-ಮಹಾಪ್ರಾಣ ಅಂತ ಕೂತಿದ್ದೆ.

ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಈ ಸಲ ಯಾರೂ ಖಾಲಿ ಹಾಳೆ ಕೊಟ್ಟು ಬಂದಿಲ್ಲ.