ಅಪ್‌ಡೇಟ್: ಪುಟ ಮುರಿಯುವಲ್ಲಿ ಬಾರ್ಡರ್ ಕಾಣೆಯಾಗುತ್ತಿದ್ದ ಸಮಸ್ಯೆ

ಎಕ್ಸ್‌ಎಸ್‌ಎಲ್-ಎಫ್‌ಒ (ಪುಟ ವಿನ್ಯಾಸ ವಿವರಿಸುವ ಭಾಷೆ) ಬಳಸಿ ಪಿಡಿಎಫ್ ಮಾಡುವಾಗ, ಎಚ್ಚರಿಕೆಯ ಬಾಕ್ಸ್ ಎರಡು ಪುಟಕ್ಕೆ ಹರಿದರೆ ಮೊದಲ ಪುಟದಲ್ಲಿ ಕೆಳಗಿನ ಗೆರೆಯೂ ಮುಂದಿನ ಪುಟದಲ್ಲಿ ಮೇಲಿನ ಗೆರೆಯೂ ಬರುತ್ತಿಲ್ಲ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಇದು ಪಿಡಿಎಫ್ ತಯಾರಿಸುವ ಸಾಫ್ಟ್‌ವೇರ್ ಆದ ಅಪಾಚೆ ಎಫ್‌ಒಪಿಯ ಬಗ್ ಅಲ್ಲ, ಸ್ಟ್ಯಾಂಡರ್ಡೇ ಹಾಗಿದೆ. ಬಾರ್ಡರ್‌ಗೂ ಪ್ಯಾಡಿಂಗ್‌ಗೂ (ಗೆರೆಗೂ ಅಕ್ಷರಗಳಿಗೂ ನಡುವಿನ ಖಾಲಿ ಜಾಗ) ‘ಕಂಡಿಷನಾಲಿಟಿ’ ಅಂತೊಂದು ಉಪಗುಣ ಇದೆ. ಅದರ ಡೀಫಾಲ್ಟ್ ‘ಡಿಸ್ಕಾರ್ಡ್’. ಅಂದರೆ ಪುಟ ಮುರಿದಲ್ಲಿ ಗೆರೆ ಬಿಟ್ಟುಬಿಡು ಅಂತ. ‘ಬಾರ್ಡರ್-ಆಫ್ಟರ್-ವಿಡ್ತ್.ಕಂಡಿಷನಾಲಿಟಿ’ಗೆ ‘ರಿಟೇನ್’ (ಉಳಿಸಿಕೋ) ಕೊಟ್ಟೆ, ‘ಬಿಫೋರ್’ಗೂ ಅದೇ (‘ಆಫ್ಟರ್’ ಅಂದರೆ ಕೆಳಗಿನ ಗೆರೆ, ‘ಬಿಫೋರ್’ ಅಂದರೆ ಮೇಲಿನದು). ಎರಡೂ ಗೆರೆ ಬಂದವು. ಆದರೆ ಅಕ್ಷರಗಳು ಗೆರೆಗೆ ಅಂಟಿಕೊಂಡವು! ಪ್ಯಾಡಿಂಗ್‌ಗೆ ಬೇರೆಯಾಗಿಯೇ ‘ರಿಟೇನ್’ ಹೇಳಬೇಕು. ಬಾರ್ಡರ್‌ಗೆ ಹೇಳಿದ್ದು ಅದಕ್ಕೆ ತಾಗುವುದಿಲ್ಲ.

ಹೊಸ ಪುಟದ ಮೇಲ್ತುದಿಯಲ್ಲಿ ಶೀರ್ಷಿಕೆಯ ಮೇಲಿನ ಜಾಗ ನುಂಗಿಹೋಗುತ್ತಿದ್ದುದಕ್ಕೂ ಕಾರಣ ಇದೇ. ‘ಸ್ಪೇಸ್-ಬಿಫೋರ್.ಕಂಡಿಷನಾಲಿಟಿ’ಗೆ ‘ರಿಟೇನ್’ ಹಾಕಿದರೆ ಸರಿಹೋಗುತ್ತದೆ.

ಬಾಕ್ಸ್ ಎರಡು ಪುಟಕ್ಕೆ ಒಡೆಯದಂತೆ ತಡೆಯುವ ‘ಕೀಪ್-ಟುಗೆದರ್’ ಸಲಹೆಯನ್ನೂ ನೋಡಿದೆ. ಚಿಕ್ಕ ಬಾಕ್ಸ್‌ಗೆ ಒಳ್ಳೆಯದೇ, ಆದರೆ ನನ್ನದರಂಥ ಉದ್ದನೆಯ ಬಾಕ್ಸ್ ಇಡಿಯಾಗಿ ಮುಂದಿನ ಪುಟಕ್ಕೆ ಹೋಗಿ ಹಿಂದಿನ ಪುಟ ಅರ್ಧ ಖಾಲಿ ಉಳಿಯುತ್ತದೆ.

ಸಿಎಸ್‌ಎಸ್‌ನಲ್ಲಿ (ವೆಬ್ ಪುಟಗಳ ಶೈಲಿ ಭಾಷೆ) ಹೇಗೆ ಅಂತ ಒಬ್ಬರು ಕೇಳಿದ್ದರು: ಅಲ್ಲಿ ‘ಬಾಕ್ಸ್-ಡೆಕೊರೇಷನ್-ಬ್ರೇಕ್: ಕ್ಲೋನ್’ ಒಂದೇ ಸಾಲಿನಲ್ಲಿ ಬಾರ್ಡರ್, ಪ್ಯಾಡಿಂಗ್ ಎರಡನ್ನೂ ನೋಡಿಕೊಳ್ಳುತ್ತದೆ.