ತಮ್ಮ ನಾಲ್ಕು ರಾತ್ರಿಯಿಂದ ಮಲಗಿಲ್ಲ, ಯಾರನ್ನು ಕರೆಯಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ತಮ್ಮ ಎರಡು ವರ್ಷದಿಂದ ಮಾನಸಿಕ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದ. ಕಬ್ಬಿನ ಕಟಾವು ಶುರುವಾದಾಗ, ಆರಾಮಾಗಿದ್ದೇನೆ ಅಂತ ಬಿಟ್ಟುಬಿಟ್ಟ. ಈಗ ನಾಲ್ಕು ರಾತ್ರಿಯಿಂದ ನಿದ್ದೆ ಇಲ್ಲ. ಊಟದಲ್ಲಿ ವಿಷ ಹಾಕಿದ್ದೀರಿ ಅಂತ ನಿನ್ನೆ ಅವ್ವನ ಕಡೆ ತಾಟು ಎಸೆದ. ಓಣಿಯವರು ಕಟ್ಟಿಹಾಕಿ ಅನ್ನುತ್ತಾರೆ. ಮನೆಗೇ ಬಂದು ನೋಡುವ ತಂಡ ಇದೆಯಾ?

ಉತ್ತರ (ಮನೋವೈದ್ಯೆ): ತಂಗೀ, ಕಟ್ಟಬೇಡಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅದಕ್ಕಿಂತ ದೊಡ್ಡದು, ಹೆದರಿದವನು ಇನ್ನೂ ಹೆದರುತ್ತಾನೆ.

ಬ್ರಿಟನ್ನಿನಲ್ಲಿ ಇಂಥ ಹೊತ್ತಿಗೆ ನರ್ಸ್, ಡಾಕ್ಟರ್ ಇರುವ ತಂಡ ಮನೆಗೇ ಬರುತ್ತದೆ. ನಮ್ಮಲ್ಲಿ ಆ ಕೆಲಸ ನಾಲ್ಕಾರು ಕಡೆ ಹಂಚಿಹೋಗಿದೆ, ಕೂಡಿಸಿಕೊಳ್ಳುವುದು ಮನೆಯವರ ಪಾಲಿಗೆ ಬರುತ್ತದೆ. ನನಗೂ ಇದು ನೋವಿನ ಮಾತೇ. ಈಗಲೇ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಕರೆದೊಯ್ಯಲು 108. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಧಾರವಾಡದ ದೊಡ್ಡ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೇ ಓಡಬೇಕು ಅಂತಿಲ್ಲ. ತುರ್ತು ಇದ್ದಾಗ, ಮನೆಯವರ ಒಪ್ಪಿಗೆ ಪಡೆದು, ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಹಳೆಯ ಚೀಟಿ, ಗುಳಿಗೆಯ ಖಾಲಿ ಸ್ಟ್ರಿಪ್ ಮರೆಯದೆ ಒಯ್ಯಿರಿ.

ಗಾಡಿ ಬರುವವರೆಗೆ ಅವನು ನಂಬುವ ಒಬ್ಬರು ಮಾತ್ರ ಮಾತಾಡಲಿ. ಉಳಿದವರು ಅಂಗಳದಲ್ಲಿರಲಿ, ಬಾಗಿಲಿಗೆ ಅಡ್ಡ ನಿಲ್ಲಬಾರದು. ವಿಷ ಹಾಕಿಲ್ಲ ಅಂತ ವಾದಕ್ಕಿಳಿಯಬೇಡಿ. 'ನಿದ್ದೆ ಇಲ್ಲದೆ ಸಾಕಾಗಿದೆ ಅಲ್ವಾ, ನಿದ್ದೆಗೆ ಡಾಕ್ಟರನ್ನು ಕೇಳೋಣ ಬಾ' ಅನ್ನಿ. ನಿದ್ದೆ ಬೇಕು ಅನ್ನುವುದು ಅವನಿಗೂ ಗೊತ್ತಿರುತ್ತದೆ. ಕುಡುಗೋಲು, ಕೊಡಲಿ, ಬೆಳೆಗೆ ಹೊಡೆಯುವ ಎಣ್ಣೆ ಎಲ್ಲವನ್ನೂ ಈಗಲೇ ಬೇರೆಯವರ ಮನೆಯಲ್ಲಿಡಿ.

ಇನ್ನೊಬ್ಬರು: ಸಾರಿನಲ್ಲಿ ಗುಳಿಗೆ ಪುಡಿ ಮಾಡಿ ಹಾಕಿದರೆ ಆಗಲ್ವಾ ಮೇಡಂ? ನಾವು ಅಪ್ಪನಿಗೆ ಹಾಗೇ ಮಾಡಿದ್ದೆವು.

ಉತ್ತರ: ಬೇಡ ಅಣ್ಣಾ. ಊಟದಲ್ಲಿ ಏನೋ ಇದೆ ಅಂತಲೇ ಈ ಹುಡುಗ ಹೆದರಿದ್ದಾನೆ. ಒಮ್ಮೆ ಸಿಕ್ಕಿಬಿದ್ದರೆ ಅವನ ಸಂಶಯ ನಿಜವಾದ ಹಾಗಾಯಿತು. ಆಮೇಲೆ ಅವ್ವನ ಕೈ ತುತ್ತೂ ಮುಟ್ಟುವುದಿಲ್ಲ.

ಪ್ರಶ್ನೆ: ಹೊಡೆಯಲು ಮೈಮೇಲೆ ಏರಿ ಬಂದರೆ? ಪೊಲೀಸರನ್ನು ಕರೆದರೆ ಕೇಸ್ ಆಗುತ್ತಾ?

ಉತ್ತರ: ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಮಾಡಿ, ತಡ ಬೇಡ. ಕಾಯಿಲೆ ಇದೆ, ಆಸ್ಪತ್ರೆಗೆ ಒಯ್ಯಬೇಕು ಅಂತ ಮೊದಲೇ ಹೇಳಿ. ಅವರು ಕರೆದೊಯ್ಯುವುದು ರಕ್ಷಣೆಗೆ. ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ದು ತೋರಿಸಬೇಕು. ಕಾಯ್ದೆಯಲ್ಲೇ ಇದೆ.

ಪ್ರಶ್ನೆ: ಮೇಡಂ, ಸೋದರಮಾವ ಮಾತಾಡಿಸಿದರು. ಅರ್ಧ ತಾಸು ಹಿಡಿಯಿತು, ತಾನೇ ನಡೆದು ಗಾಡಿ ಹತ್ತಿದ. ಈಗ ಇಂಜೆಕ್ಷನ್ ಕೊಟ್ಟಿದ್ದಾರೆ, ಮಲಗಿದ್ದಾನೆ.

ಉತ್ತರ: ಒಳ್ಳೆಯದಾಯಿತು ತಂಗೀ. ಎದ್ದ ಮೇಲೆ ನಿನ್ನೆಯ ತಾಟಿನ ಮಾತು ತೆಗೆಯಬೇಡಿ. ಮನೆಗೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಮಾವನೇ ಕರೆದೊಯ್ಯಲಿ. ಅವ್ವ ಊಟ ಮಾಡಿದರಾ?